ಹಲ್ಲಿನ ಖರ್ಚಿಗೆ ವಿಮೆಯೋ, ಡಿಸ್ಕೌಂಟ್ ಕಾರ್ಡೋ, ಕಂತೋ?

ಎರಡು ದವಡೆ ಹಲ್ಲಿಗೆ ರೂಟ್ ಕೆನಾಲ್ ಮತ್ತು ಕ್ಯಾಪ್ ಹೇಳಿದ್ದಾರೆ, ಒಂದು ಈಗಲೇ ನೋಯುತ್ತಿದೆ, ವಿಮೆ ಮಾಡಿಸಲಾ, ಡಿಸ್ಕೌಂಟ್ ಕಾರ್ಡ್ ತಗೊಳ್ಳಲಾ, ಕಂತಿನಲ್ಲಿ ಕಟ್ಟಲಾ ಅಂತ ಕೇಳಿದ್ದೀರಿ. ನಾನಾಗಿದ್ದರೆ ಈ ಮೂರಕ್ಕಿಂತ ಮೊದಲು ಡೆಂಟಲ್ ಕಾಲೇಜಿನ ಬಾಗಿಲು ತಟ್ಟುತ್ತಿದ್ದೆ. ಯಾಕೆ ಅಂತ ಹೇಳುತ್ತೇನೆ.

ನೋವು ಶುರುವಾದ ಮೇಲೆ ಮಾಡಿಸಿದ ವಿಮೆ ಆ ಹಲ್ಲಿಗೆ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ. ಹಲ್ಲಿನ ವಿಮೆಯಲ್ಲಿ ಚೆಕಪ್, ಕ್ಲೀನಿಂಗ್ ಬೇಗ ಸಿಗುತ್ತದೆ, ಆದರೆ ಕ್ಯಾಪ್‌ನಂಥ ದೊಡ್ಡ ಕೆಲಸಕ್ಕೆ ಎಷ್ಟೋ ಪ್ಲಾನ್‌ಗಳಲ್ಲಿ 6ರಿಂದ 12 ತಿಂಗಳು ಕಾಯಬೇಕು, ಕಾದ ಮೇಲೂ ಅವರು ಕೊಡುವುದು ಖರ್ಚಿನ ಅರ್ಧದಷ್ಟೇ ಇರಬಹುದು, ಅದಕ್ಕೂ ವರ್ಷಕ್ಕೆ ಇಷ್ಟೇ ಅಂತ ಮಿತಿ ಇರುತ್ತದೆ. ಆ ಮಿತಿಯನ್ನೂ ವಿಮೆಗೆ ವರ್ಷಕ್ಕೆ ಕಟ್ಟುವ ಪ್ರೀಮಿಯಂ ಮೊತ್ತವನ್ನೂ ಪಕ್ಕಪಕ್ಕ ಬರೆದು ನೋಡಿ. ಎರಡರ ನಡುವೆ ಅಂತರ ಸಣ್ಣದಾದರೆ ನಿಮ್ಮ ದುಡ್ಡನ್ನೇ ನಿಮಗೆ ವಾಪಸ್ ಕೊಟ್ಟ ಹಾಗಾಯಿತು, ಅಲ್ವಾ? ಕೆಲಸ ಕೊಟ್ಟವರೇ ಪ್ರೀಮಿಯಂ ಕಟ್ಟುತ್ತಾರೆ ಅಂದರೆ ಮಾತ್ರ ಕಣ್ಣು ಮುಚ್ಚಿ ತಗೊಳ್ಳಿ.

ಡಿಸ್ಕೌಂಟ್ ಕಾರ್ಡ್ ವಿಮೆಯಲ್ಲ. ಪೂರ್ತಿ ಬಿಲ್ ನಿಮ್ಮದೇ, ದರ ಮಾತ್ರ ಸ್ವಲ್ಪ ಕಡಿಮೆ. ಕಾಯುವ ಗೋಳು ಅಷ್ಟಾಗಿ ಇಲ್ಲ. ಆದರೆ ಕಾರ್ಡ್ ಇಲ್ಲದವರಿಗೆ ಕ್ಲಿನಿಕ್‌ನಲ್ಲಿ ಎಷ್ಟು ತಗೊಳ್ಳುತ್ತಾರೆ, ಒಟ್ಟಿಗೆ ನಗದು ಕೊಟ್ಟರೆ ಎಷ್ಟು ಬಿಡುತ್ತಾರೆ ಅಂತ ಮೊದಲು ಕೇಳಿ.

ಕಂತಿನ ವಿಷಯದಲ್ಲಿ ಕ್ಲಿನಿಕ್ ತಾನೇ ಕೊಡುವ ಕಂತು ಬೇರೆ, ಸಾಲದ ಕಂಪನಿ ಕೊಡುವುದು ಬೇರೆ. ಕಂಪನಿಯಾದರೆ ಕ್ಲಿನಿಕ್‌ಗೆ ಪೂರ್ತಿ ದುಡ್ಡು ಮೊದಲೇ ಹೋಗಿರಬಹುದು. ಅರ್ಧದಲ್ಲಿ ಡಾಕ್ಟರ್ ಸರಿ ಬರಲಿಲ್ಲ ಅಂದರೂ ನಿಮ್ಮ ಸಾಲ ಹಾಗೇ ಉಳಿಯುತ್ತದೆ, ದುಡ್ಡು ವಾಪಸ್ ಕೇಳಿಕೊಂಡು ನೀವೇ ಓಡಾಡಬೇಕು. ‘ಬಡ್ಡಿ ಸೊನ್ನೆ’ ಅಂತ ದೊಡ್ಡದಾಗಿ ಬರೆದಿರುವ ಕೆಲವು ಸಾಲಗಳಲ್ಲಿ ಗಡುವಿನೊಳಗೆ ಪೂರ್ತಿ ತೀರಿಸದಿದ್ದರೆ ಮೊದಲ ದಿನದಿಂದಲೇ ಬಡ್ಡಿ ಲೆಕ್ಕ ಹಾಕುತ್ತಾರೆ. ಪ್ರೊಸೆಸಿಂಗ್ ಶುಲ್ಕ ಬೇರೆ ಇರಬಹುದು.

ಕಾಲೇಜಿನಲ್ಲಿ ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ, ಹಂತ ಹಂತಕ್ಕೂ ಅವರ ಮೇಷ್ಟ್ರು ಬಂದು ನೋಡುತ್ತಾರೆ. ದರ ಸಾಮಾನ್ಯವಾಗಿ ತುಂಬಾ ಕಡಿಮೆ. ಜನ ‘ಕಲಿಯುವವರ ಕೈಗೆ ಹಲ್ಲು ಕೊಡಬೇಕಾ’ ಅಂತ ಹೆದರುತ್ತಾರೆ, ನನಗೆ ಆ ಹೆದರಿಕೆ ಅರ್ಥವಾಗುವುದಿಲ್ಲ, ಅವಸರದ ಕ್ಲಿನಿಕ್‌ನಲ್ಲಿ ಇಷ್ಟು ಕಣ್ಣು ಒಂದು ಹಲ್ಲಿನ ಮೇಲೆ ಎಲ್ಲಿರುತ್ತದೆ? ಇಲ್ಲಿ ನೀವು ಕೊಡಬೇಕಾದ್ದು ಸಮಯ. ಬಾಯಿ ತೆರೆದು ಜಾಸ್ತಿ ಹೊತ್ತು ಕೂರಬೇಕು, ಹಲವು ಸಲ ಹೋಗಬೇಕು. ಕಷ್ಟದ ಬೇರಿನ ಹಲ್ಲಾದರೆ ಸ್ನಾತಕೋತ್ತರ ವಿಭಾಗಕ್ಕೆ ಕಳಿಸಿ ಅಂತ ಕೇಳಿ.

ಎಲ್ಲಿಗೆ ಹೋದರೂ ಎಕ್ಸ್‌ರೇ ಪ್ರತಿ ಇಟ್ಟುಕೊಳ್ಳಿ, ಖರ್ಚನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ನೋಯುವ ಹಲ್ಲು ಮೊದಲು. ಇನ್ನೊಂದು ಕಾಯಬಹುದಾ ಅಂತ ಡಾಕ್ಟರನ್ನೇ ನೇರವಾಗಿ ಕೇಳಿ, ಹುಳುಕು ಇನ್ನೂ ನರದವರೆಗೆ ಹೋಗಿಲ್ಲದಿದ್ದರೆ ಬರೀ ಫಿಲ್ಲಿಂಗ್‌ನಲ್ಲಿ ಮುಗಿಯಬಹುದು. ಕ್ಯಾಪ್‌ನಲ್ಲೂ ಉಳಿಸಬಹುದು: ಹಿಂದಿನ ಹಲ್ಲಿಗೆ ಹಲ್ಲಿನ ಬಣ್ಣದ ಜಿರ್ಕೋನಿಯಾ ಕ್ಯಾಪೇ ಬೇಕು ಅಂತಿಲ್ಲ, ಸಾದಾ ಲೋಹದ್ದೂ ಗಟ್ಟಿಯಾಗಿಯೇ ಇರುತ್ತದೆ, ಚೆಂದ ಕಾಣುವುದಿಲ್ಲ ಅಷ್ಟೇ. ಆದರೆ ದುಡ್ಡು ಉಳಿಸಲು ಕ್ಯಾಪನ್ನೇ ಬಿಡಬೇಡಿ, ರೂಟ್ ಕೆನಾಲ್ ಆದ ದವಡೆ ಹಲ್ಲು ಸೀಳಿಬಿಟ್ಟರೆ ಹಾಕಿದ ದುಡ್ಡೆಲ್ಲ ಹೋಯಿತು. ಕಿತ್ತುಬಿಡುವುದು ಅಗ್ಗ ನಿಜ, ಆಮೇಲೆ ಆ ಜಾಗ ತುಂಬಿಸಲು ಹೊರಟರೆ ಬ್ರಿಡ್ಜ್, ಇಂಪ್ಲಾಂಟ್ ಅಂತ ಕೃತಕ ಹಲ್ಲಿಗೆ ಇದಕ್ಕಿಂತ ದೊಡ್ಡ ಬಿಲ್ ಬರುತ್ತದೆ.

ಮುಖ ಊದಿಕೊಂಡು ಜ್ವರ ಬಂದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಈ ಲೆಕ್ಕವನ್ನೆಲ್ಲ ಬದಿಗಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.