ರಕ್ತಪಾತ ಬೇಡ, ಕುತೂಹಲ ಬೇಕು ಅಂದ್ರೆ

ನಮಸ್ಕಾರ ಮೇಡಂ. ರಾಯಚೂರಿನಿಂದ ಕೇಳಿದ್ದೀರಿ: ಹೊಸ ಥ್ರಿಲ್ಲರ್ ಬೇಕು, ಆದ್ರೆ ಹೊಡಿ-ಬಡಿ, ರಕ್ತ ಜಾಸ್ತಿ ಇರಬಾರದು ಅಂತ.

ಮೊದಲು ವಿವೇಕ ಶಾನಭಾಗರ 'ಸಕೀನಾಳ ಮುತ್ತು' ಓದಿ. 2021ರದ್ದು. ಇಬ್ಬರು ಹುಡುಗರು ಮನೆ ಬಾಗಿಲಿಗೆ ಬಂದು ಮಗಳು ರೇಖಾ ಎಲ್ಲಿ ಅಂತ ಕೇಳುತ್ತಾರೆ. ಅಷ್ಟೇ. ಅಲ್ಲಿಂದ ಅಪ್ಪನ ನೆಮ್ಮದಿ ಹೋಗುತ್ತದೆ, ನಮ್ಮದೂ. ನಾನು ಇದನ್ನು ಕೊಪ್ಪಳದಿಂದ ಬಳ್ಳಾರಿಗೆ ಹೋಗುವ ರೈಲಿನಲ್ಲಿ ಓದಿದೆ. ಮಂಡಕ್ಕಿ ಪೊಟ್ಟಣ ತೊಡೆ ಮೇಲೇ ಮೆತ್ತಗಾಯಿತು, ಮಿರ್ಚಿ ಆರಿಹೋಯಿತು, ಕೈ ಹಾಕಲಿಲ್ಲ. ಕಥೆ ಹೇಳುವವನು ಅಪ್ಪನೇ. ಅವನನ್ನು ಎಷ್ಟು ನಂಬಬೇಕು ಅನ್ನೋದೇ ನನಗೆ ದೊಡ್ಡ ಕುತೂಹಲ. ಒಂದು ಮಾತು: ಕೊನೆಗೆ ಎಲ್ಲ ಗಂಟೂ ಬಿಚ್ಚುವುದಿಲ್ಲ. ನನಗೆ ಅದೇ ಇಷ್ಟವಾಯಿತು.

ಗಂಟು ಪೂರ್ತಿ ಬಿಚ್ಚಲೇಬೇಕು ಅಂದ್ರೆ, ಇಂಗ್ಲಿಷ್ ಓದುವ ಅಭ್ಯಾಸ ಇದ್ದರೆ, ಜಪಾನಿನ ಕೀಗೋ ಹಿಗಾಶಿನೊ ಅವರ 'ದ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್' ಹಿಡಿಯಿರಿ. ಕೊಲೆ ಮಾಡಿದ್ದು ಯಾರು ಅಂತ ಶುರುವಿನಲ್ಲೇ ಗೊತ್ತಾಗುತ್ತದೆ. ಆದರೂ ಕೊನೆಯಲ್ಲಿ ಎದೆ ಝಲ್ಲೆನ್ನುತ್ತದೆ.

ತೇಜಸ್ವಿಯವರ 'ಜುಗಾರಿ ಕ್ರಾಸ್' ಹಳೆಯದು, ಆದ್ರೆ ಓದಿಲ್ಲದಿದ್ದರೆ ನಿಮಗೆ ಅದೂ ಹೊಸದೇ ಅಲ್ವಾ? ಯಾವುದನ್ನೇ ಓದಿ, ಬೆನ್ನುಡಿ ಮಾತ್ರ ಮೊದಲೇ ನೋಡಬೇಡಿ.