ಹತ್ತು ಮಂದಿ ಬಂದರೆ ಬಾಡಿಗೆ ಎಷ್ಟು ಹೇಳುವುದು?

ಓದುಗರ ಪ್ರಶ್ನೆಗೆ ಉತ್ತರ – ಈ ಬಾರಿ: ಹೋಮ್‌ಸ್ಟೇ ದರ

ಪ್ರಶ್ನೆ: ಅಡಿಕೆ ತೋಟದ ನಡುವೆ ನಮ್ಮದೊಂದು ಹಳೆಯ ಹಂಚಿನ ಮನೆ ಇದೆ. ಮೂರು ಕೋಣೆ, ಎರಡು ಬಾತ್‌ರೂಮು, ದೊಡ್ಡ ಚಾವಡಿ. ಬೇಕಲ ಕೋಟೆ ನೋಡಲು ಬರುವ ಗುಂಪುಗಳಿಗೆ ಬಾಡಿಗೆಗೆ ಕೊಡಬೇಕೆಂದಿದ್ದೇವೆ. ದರ ಕೋಣೆಗೆ ಇಷ್ಟೆಂದು ಹೇಳುವುದೋ, ತಲೆಗೋ, ಇಡೀ ಮನೆಗೋ?
– ಬದಿಯಡ್ಕದ ಓದುಗರು

ಉತ್ತರ: ಇಡೀ ಮನೆಗೆ ಒಂದು ದರ ಇಡಿ. ಅದು ಎಷ್ಟು ಜನರಿಗೆ ಎಂದು ಬರೆದು ಹೇಳಿ. ಅದಕ್ಕಿಂತ ಹೆಚ್ಚು ಬಂದರೆ ತಲೆಗೆ ಇಷ್ಟೆಂದು ಸೇರಿಸಿ. ಬರೇ ತಲೆಲೆಕ್ಕ ಇಟ್ಟರೆ ಇಬ್ಬರೇ ಬಂದ ದಿನ ಕೈಯಿಂದ ಹೋಗುತ್ತದೆ. ಬರೇ ಮನೆಲೆಕ್ಕ ಇಟ್ಟರೆ ಆರು ಮಂದಿಯ ಜಾಗದಲ್ಲಿ ಹದಿನೈದು ಮಂದಿ ಇಳಿಯುತ್ತಾರೆ.

ದರ ಕಟ್ಟುವ ಮೊದಲು ಖರ್ಚನ್ನು ಮೂರಾಗಿ ಒಡೆಯಿರಿ. ಜನ ಬಂದರೂ ಬಾರದಿದ್ದರೂ ತಪ್ಪದ್ದು ಒಂದು: ನೋಡಿಕೊಳ್ಳುವವರ ಸಂಬಳ, ಇಂಟರ್ನೆಟ್ಟು, ತೆರಿಗೆ, ಹಂಚು ಸರಿಪಡಿಸುವುದು, ಸುಣ್ಣಬಣ್ಣ. ಒಂದು ಗುಂಪು ಬಂದು ಹೋದರೆ ಒಮ್ಮೆ ಮಾತ್ರ ಆಗುವುದು ಇನ್ನೊಂದು: ಗುಡಿಸಿ ಒರೆಸುವುದು, ಹಾಸಿಗೆ ಬಟ್ಟೆ ಒಗೆಸುವುದು. ದಿನ ದಿನವೂ ಏರುವುದು ಮೂರನೆಯದು: ಕರೆಂಟು, ಗ್ಯಾಸು, ನೀರು.

ನಿಮ್ಮ ಮನೆಗೆ ಲೆಕ್ಕ ಹಾಕಿ ತೋರಿಸುತ್ತೇವೆ. ಅಂಕಿಗಳು ಉದಾಹರಣೆಗಷ್ಟೆ, ನಿಮ್ಮದನ್ನು ಹಾಕಿಕೊಳ್ಳಿ. ತಿಂಗಳ ಸ್ಥಿರ ಖರ್ಚು 24,000 ರೂ., ಮನೆ ತುಂಬುವುದು ತಿಂಗಳಿಗೆ 12 ರಾತ್ರಿ ಎಂದಾದರೆ ರಾತ್ರಿಗೆ 2,000 ರೂ. ಆಯಿತು. ಆರು ಮಂದಿಯ ಗುಂಪಿಗೆ ಶುಚಿ ಮಾಡಿಸಲು 800, ಬಟ್ಟೆ ಒಗೆತ ತಲೆಗೆ 90ರಂತೆ 540, ನೀರು ಗ್ಯಾಸು ತಲೆಗೆ 60ರಂತೆ 360, ಮೂರು ಕೋಣೆಯ ಏಸಿಗೆ 240. ಒಟ್ಟು 3,940 ರೂ. ನಿಮ್ಮ ಆದಾಯ ರಾತ್ರಿಗೆ 1,500 ಸೇರಿಸಿದರೆ 5,440. ನೇರ ಫೋನ್ ಮಾಡಿ ಬಂದವರಿಗೆ ಇದೇ ದರ.

ಬುಕಿಂಗ್ ಆ್ಯಪ್ ಮೂಲಕ ಬಂದರೆ ಕಮಿಷನ್ ಇದೆ. ಅದು ಶೇ 15 ಎಂದಾದರೆ ಹೆಚ್ಚಿನವರು 5,440ಕ್ಕೆ ಶೇ 15 ಕೂಡಿಸಿ 6,256 ಎಂದು ಹಾಕುತ್ತಾರೆ. ಅಲ್ಲೇ ಎಡವುವುದು. ಕಮಿಷನ್ ಮುರಿಯುವುದು 6,256ರ ಮೇಲೆ. ಕೈಗೆ ಬರುವುದು 5,317 ಚಿಲ್ಲರೆ. 5,440ನ್ನು 0.85ರಿಂದ ಭಾಗಿಸಬೇಕು, ಆಗ 6,400 ಬರುತ್ತದೆ.

ಆರರ ಮೇಲಿನವರಿಗೆ ಎಷ್ಟು? ಒಬ್ಬರು ಹೆಚ್ಚಾದರೆ ಕಣ್ಣಿಗೆ ಕಾಣುವ ಖರ್ಚು 150 ರೂ. ಮಾತ್ರ. ಅಷ್ಟನ್ನೇ ತೆಗೆದುಕೊಂಡರೆ ಜಾತ್ರೆಯೇ ಬಂದೀತು. ಆರು ಮಂದಿಗೆ ಬೀಳುವ ತಲಾ 907 ರೂ.ಯನ್ನೇ ಕೇಳಿದರೆ ದೊಡ್ಡ ಕುಟುಂಬ ಬೇರೆ ಮನೆ ಹುಡುಕುತ್ತದೆ. ಅದರ ಅರ್ಧ, 450 ರೂ. ಆಸುಪಾಸು ಸರಿಯೆಂದು ನಮ್ಮ ಅಭಿಪ್ರಾಯ. ಹತ್ತು ಮಂದಿಗೆ 7,240, ತಲೆಗೆ 724 ಬೀಳುತ್ತದೆ. ಗುಂಪು ದೊಡ್ಡದಾದಂತೆ ತಲಾ ದರ ಇಳಿಯಿತು, ನಿಮಗೂ ನಷ್ಟವಿಲ್ಲ.

ಹತ್ತರ ಮೇಲೆ ಬೇಡ. ಚಾವಡಿಯಲ್ಲಿ ಇಪ್ಪತ್ತು ಚಾಪೆ ಹಾಸಬಹುದು ನಿಜ, ಆದರೆ ಮಿತಿ ಹಾಕುವುದು ಹಾಸಿಗೆಯಲ್ಲ, ಬಾತ್‌ರೂಮು ಮತ್ತು ನೀರು. ಐದು ಮಂದಿಗೆ ಒಂದು ಬಾತ್‌ರೂಮು ಎನ್ನುವುದೇ ಕಷ್ಟದಲ್ಲಿ ಹೊಂದುವ ಲೆಕ್ಕ. ನೀರು ತಲೆಗೆ ದಿನಕ್ಕೆ 135 ಲೀಟರಿನಂತೆ ಹತ್ತು ಮಂದಿಗೆ 1,350 ಲೀಟರು, ಬಟ್ಟೆ ಒಗೆತ ಬೇರೆ. ಮಾರ್ಚ್ ಕಳೆದ ಮೇಲೆ ಬಾವಿ ತಳ ಕಂಡು, ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ನೂಲಿನಂತಾದಾಗ ಟ್ಯಾಂಕರ್ ತರಿಸಬೇಕಾದೀತು. ಆ ಖರ್ಚನ್ನು ಏಪ್ರಿಲ್, ಮೇ ತಿಂಗಳ ದರದಲ್ಲೇ ಸೇರಿಸಿ. ಬಂದ ಮೇಲೆ ನೀರಿನ ಹಣ ಬೇರೆ ಕೇಳಿದರೆ ಜಗಳ ಖಂಡಿತ.

ಎರಡು ರಾತ್ರಿ ನಿಲ್ಲುವವರಿಗೆ ರಿಯಾಯಿತಿ ಕೊಡಿ, ಕಣ್ಣುಮುಚ್ಚಿ ಶೇಕಡಾವಾರು ಬೇಡ. ಎರಡನೇ ರಾತ್ರಿಗೆ ಗುಡಿಸುವ 800, ಒಗೆತದ 540 ಉಳಿಯುತ್ತದೆ, ಒಟ್ಟು 1,340. ಎರಡನೇ ರಾತ್ರಿಗೆ 4,100 ಕೇಳಿದರೂ ನಿಮ್ಮ ಆದಾಯ ಒಂದು ರೂಪಾಯಿಯೂ ಕಡಿಮೆಯಾಗದು.

ಇನ್ನು ಮಳೆಗಾಲ. ಜುಲೈಯಲ್ಲಿ ಇಬ್ಬರೇ ಬರುತ್ತೇವೆ ಎಂದರೆ ಒಂದು ಕೋಣೆ ತೆರೆದು ಉಳಿದೆರಡಕ್ಕೆ ಬೀಗ ಹಾಕಿ. ಅವರಿಂದಾಗುವ ಖರ್ಚು 800, 180, 120, 80 ಸೇರಿ 1,180 ರೂ. ಅದರ ಮೇಲೆ ಬಂದದ್ದೆಲ್ಲ ಸಂಬಳಕ್ಕೆ ಆಧಾರ. 2,500ಕ್ಕೆ ಕೊಡಬಹುದು. ತಿಂಗಳಲ್ಲಿ ಆರೇ ರಾತ್ರಿ ತುಂಬಿತೆಂದು ಸ್ಥಿರ ಖರ್ಚನ್ನು ಆರರಿಂದ ಭಾಗಿಸಿ ದರ ಏರಿಸುವವರಿದ್ದಾರೆ. ಜನ ಇಲ್ಲದಾಗ ಬೆಲೆ ಏರಿಸಿದರೆ ಆ ಆರೂ ಹೋಗುತ್ತದೆ. 12 ರಾತ್ರಿ ಎನ್ನುವುದು ವರ್ಷದ ಸರಾಸರಿಯಾಗಿರಲಿ.

ಪ್ರಶ್ನೆ: ನಾವು 14 ಮಂದಿ, ಅದರಲ್ಲಿ ಐದು ವರ್ಷ ತುಂಬದ ಇಬ್ಬರು ಮಕ್ಕಳು. ಬೇಕಲದ ಬಳಿ ಒಂದು ಮನೆಯವರು ಎಂಟು ಮಂದಿಗೆ 9,000, ಮೇಲಿನವರಿಗೆ ತಲಾ 700, ಚಿಕ್ಕ ಮಕ್ಕಳಿಗೆ ಇಲ್ಲ ಎನ್ನುತ್ತಾರೆ. ಇನ್ನೊಬ್ಬರು ಬೆಳಗಿನ ತಿಂಡಿ ಸಹಿತ ತಲೆಗೆ 1,000, ಮಕ್ಕಳಿಗೂ ಅಷ್ಟೇ ಎನ್ನುತ್ತಾರೆ. ಯಾವುದು ಅಗ್ಗ?
– ಪುತ್ತೂರಿನ ಓದುಗರು

ಉತ್ತರ: ಮೊದಲನೆಯದು. ದೊಡ್ಡವರು 12, ಎಂಟರ ಮೇಲೆ ನಾಲ್ವರು, ಒಟ್ಟು 11,800 ರೂ. ಎರಡನೆಯದು 14,000, ತಿಂಡಿಗೆ ತಲೆಗೆ 100 ಕಳೆದರೂ 12,600. ಮಕ್ಕಳಿಗೂ 700 ಕೇಳಿದ್ದರೆ ಮೊದಲನೆಯದು 13,200 ಆಗಿ ಲೆಕ್ಕ ತಲೆಕೆಳಗಾಗುತ್ತಿತ್ತು. ಹಾಗಾಗಿ ಮಕ್ಕಳ ವಯಸ್ಸಿನ ಮಿತಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಹೆಚ್ಚಿನವರಿಗೆ ಕೊಡುವುದು ಮಂಚವೋ, ನೆಲದ ಹಾಸಿಗೆಯೋ, ಎಷ್ಟು ಕೋಣೆಗೆ ಏಸಿ, ಅಡುಗೆಮನೆ ಬಳಸಬಹುದೋ ಎಂಬುದನ್ನೂ ಕೇಳಿ.

ಪ್ರಶ್ನೆ: ಬೆಂಗಳೂರಿಂದ ಬರುವವರು ರಾತ್ರಿ ರೈಲಿನಲ್ಲಿ ಹೊರಟು ಬೆಳಿಗ್ಗೆಯೇ ಕಾಸರಗೋಡಿನಲ್ಲಿ ಇಳಿಯುತ್ತಾರೆ, ಆಗಲೇ ಕೋಣೆ ಕೊಡಿ ಎನ್ನುತ್ತಾರೆ. ಡಿಸೆಂಬರ್ ಕೊನೆಗೆ ಒಂದೇ ರಾತ್ರಿ ಸಾಕೆನ್ನುವವರೂ ಇದ್ದಾರೆ. ಹೇಗೆ ನಿಭಾಯಿಸುವುದು?
– ಪಳ್ಳಿಕೆರೆಯ ಓದುಗರು

ಉತ್ತರ: ಹಿಂದಿನ ರಾತ್ರಿ ಮನೆ ಖಾಲಿಯಿದ್ದರೆ ಬೆಳಿಗ್ಗೆಯೇ ಕೊಡಿ, ಹಣ ಕೇಳಬೇಡಿ. ಗುಂಪು ಇದ್ದರೆ ಆಗದು: 11ಕ್ಕೆ ಅವರು ಹೊರಟರೂ ಮೂರು ಕೋಣೆ ಸಜ್ಜುಗೊಳಿಸಲು ಇಬ್ಬರಿಗೆ ಎರಡು ತಾಸು ಬೇಕು, ಮಧ್ಯಾಹ್ನ ಒಂದು ಗಂಟೆಗೆ ಎಂದೇ ಹೇಳಿ. ಸಾಮಾನು ಇಟ್ಟು ಸ್ನಾನ ಮಾಡಲು ಹೊರಗಿನ ಬಚ್ಚಲುಮನೆ ಇದ್ದರೆ ಅರ್ಧ ತಲೆನೋವು ತೀರಿತು. ಬೆಳಿಗ್ಗೆಯೇ ಖಚಿತವಾಗಿ ಬೇಕೆಂದು ಹಟ ಹಿಡಿದವರಿಗೆ ಹಿಂದಿನ ರಾತ್ರಿಯ ಅರ್ಧ ದರ ಹೇಳಬಹುದು.

ಡಿಸೆಂಬರ್ ಕೊನೆಯಲ್ಲಿ ಕನಿಷ್ಠ ಎರಡು ರಾತ್ರಿ ಎನ್ನುವುದು ದುರಾಸೆಯಲ್ಲ. ಶನಿವಾರ ಒಂದನ್ನೇ ಮಾರಿದರೆ ಶುಕ್ರವಾರದಿಂದ ನಿಲ್ಲಬೇಕೆಂದವರನ್ನು ಕಳೆದುಕೊಳ್ಳುತ್ತೀರಿ, ಶುಕ್ರವಾರ ಖಾಲಿ ಬೀಳುತ್ತದೆ. ಎರಡು ಬುಕಿಂಗ್ ನಡುವೆ ಒಂದೇ ರಾತ್ರಿ ಉಳಿದಿದ್ದರೆ ಮಾತ್ರ ನಿಯಮ ಸಡಿಲಿಸಿ. ಕರ್ನಾಟಕದ ದಸರಾ ರಜೆಯನ್ನೂ ಪಟ್ಟಿಯಲ್ಲಿ ಗುರುತು ಹಾಕಿ. ಕೇರಳದ ರಜೆ ಮಾತ್ರ ನೋಡಿ ದರ ಇಟ್ಟವರು ಆ ವಾರವನ್ನು ಸಾಮಾನ್ಯ ಬೆಲೆಗೆ ಕೊಟ್ಟುಬಿಡುತ್ತಾರೆ.

ಪ್ರಶ್ನೆ: 12 ಸಾವಿರದ ಬಿಲ್ಲಿಗೆ ಒಬ್ಬರು ಜಿಎಸ್‌ಟಿ ಶೇ 18 ಹಾಕಿದರು, ಇನ್ನೊಬ್ಬರು ಶೇ 5. ಯಾವುದು ಸರಿ?
– ಮಂಜೇಶ್ವರದ ಓದುಗರು

ಉತ್ತರ: ಎರಡೂ ಸರಿಯಿರಬಹುದು. 2025ರ ಸೆಪ್ಟೆಂಬರ್ 22ರಿಂದ ಒಂದು ವಸತಿ ಘಟಕದ ದಿನದ ಬೆಲೆ 7,500 ರೂ. ವರೆಗೆ ಇದ್ದರೆ ಶೇ 5, ಮೇಲಿದ್ದರೆ ಶೇ 18. ಇಡೀ ಬಂಗಲೆಯನ್ನು ಒಂದೇ ಘಟಕವಾಗಿ 12,000ಕ್ಕೆ ಕೊಟ್ಟರೆ ತೆರಿಗೆ 2,160. ತಲಾ 4,000ದ ಮೂರು ಕೋಣೆ ಕೊಟ್ಟರೆ 600. ಬಿಲ್ಲು ನಿಜವಾಗಿ ಮಾರಿದ ರೀತಿಯಲ್ಲೇ ಇರಬೇಕು, ತೆರಿಗೆಗಾಗಿ ಕೋಣೆ ಒಡೆದು ತೋರಿಸುವುದು ಅಪಾಯ. ವಾರ್ಷಿಕ ವಹಿವಾಟು 20 ಲಕ್ಷ ದಾಟದ ಸಣ್ಣ ಹೋಮ್‌ಸ್ಟೇಗಳಿಗೆ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದವರು ನೇರ ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ಆ್ಯಪ್ ಮೂಲಕ ಬಂದಾಗ ಅದನ್ನು ಕಟ್ಟುವುದು ಆ್ಯಪ್‌ನವರೇ.

ಪ್ರಶ್ನೆ: ಹತ್ತು ಎಂದು ಹೇಳಿ ಹದಿನೇಳು ಮಂದಿ ಬಂದರೆ?
– ನೀಲೇಶ್ವರದ ಓದುಗರು

ಉತ್ತರ: ಗೇಟಿನ ಬಳಿ ಮಾತಿಗಿಳಿದರೆ ಸೋಲುವುದು ನೀವೇ, ಹೆಂಗಸರು ಮಕ್ಕಳನ್ನು ರಾತ್ರಿ ಹೊರಗೆ ನಿಲ್ಲಿಸುವಂತಿಲ್ಲವಲ್ಲ. ಮುಂಗಡ ಪಡೆಯುವಾಗಲೇ ಎಲ್ಲರ ಹೆಸರು, ವಯಸ್ಸು ಬರೆಸಿಕೊಳ್ಳಿ. ಮಿತಿ ಮೀರಿದವರಿಗೆ ದರ ಮಾಮೂಲಿನ ಎರಡು ಪಟ್ಟು ಎಂದು ಅದೇ ಸಂದೇಶದಲ್ಲಿರಲಿ. ಅರ್ಧ ಹಣ ಮುಂಗಡ, ಉಳಿದದ್ದು ಬೀಗದ ಕೈ ಕೊಡುವ ಮೊದಲು. ಹಾಳಾದ ವಸ್ತುಗಳಿಗೆ ಒಂದು ರಾತ್ರಿಯ ಬಾಡಿಗೆಯ ಅರ್ಧದಷ್ಟು ಠೇವಣಿ ಇರಿಸಿಕೊಂಡು, ಹೊರಡುವಾಗ ಅವರೆದುರೇ ಕೋಣೆ ನೋಡಿ ಅಲ್ಲೇ ಹಿಂತಿರುಗಿಸಿ.