ಟಿವಿ ವಾಹಿನಿಗಳಲ್ಲಿ ಜಪಾನಿನ ಕಾರ್ಟೂನ್‌ಗಳಾದ ಅನಿಮೆಗೆ ಈಗಲೂ ಜಾಗವಿದೆಯೇ?

ಇದೆ, ಆದರೆ ಎಲ್ಲ ಬಗೆಯ ಅನಿಮೆಗೂ ಅಲ್ಲ. ಜಪಾನಿನಲ್ಲಿ ‘ಸಜಾಎ-ಸಾನ್’ 1969ರಿಂದ ಭಾನುವಾರದ ಸಂಜೆ ಪ್ರಸಾರವಾಗುತ್ತಲೇ ಇದೆ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುವ ಸರಣಿ ಅದು. ದೊಡ್ಡವರಿಗಾಗಿ ತಯಾರಾಗುವ ಬಹುಪಾಲು ಸರಣಿಗಳದ್ದು ಬೇರೆಯೇ ಲೆಕ್ಕ: ಪ್ರಕಾಶಕರು, ಸಂಗೀತ ಕಂಪನಿಗಳು, ಆಟಿಕೆ ತಯಾರಕರು ಸೇರಿದ ನಿರ್ಮಾಣ ಸಮಿತಿಯೇ ಸಾಮಾನ್ಯವಾಗಿ ವಾಹಿನಿಗೆ ಹಣ ಕೊಟ್ಟು ನಡುರಾತ್ರಿಯ ಸಮಯವನ್ನು ಪಡೆಯುತ್ತದೆ, ಏಕೆಂದರೆ ಆ ಪ್ರಸಾರವು ಪುಸ್ತಕ, ಗೊಂಬೆ ಮತ್ತು ಸ್ಟ್ರೀಮಿಂಗ್ ಹಕ್ಕುಗಳ ಮಾರಾಟಕ್ಕೆ ಜಾಹೀರಾತಾಗುತ್ತದೆ.

ಭಾರತದಲ್ಲಿ 2004ರಲ್ಲಿ ಬಂದ ಅನಿಮೆ ವಾಹಿನಿ ಅನಿಮ್ಯಾಕ್ಸ್ 2017ರಲ್ಲಿ ನಿಂತಿತು. ಹದಿಹರೆಯದವರು ಮೊಬೈಲಿಗೆ ಹೋದರು. ಮಕ್ಕಳು ಮಾತ್ರ ಟಿವಿ ಬಿಟ್ಟಿಲ್ಲ. ಚಿಂತಾಮಣಿಯ ನಮ್ಮ ಅಕ್ಕನ ಮನೆಯಲ್ಲಿ ಶಾಲೆಯಿಂದ ಬಂದ ಮಗು ಚೀಲವನ್ನೂ ಇಳಿಸದೆ ‘ಡೋರೇಮಾನ್’ ಹಾಕಿಕೊಳ್ಳುತ್ತದೆ, ಹುರಿದ ಕಡಲೆಕಾಯಿ ಸುಲಿಯುತ್ತಾ ಕೂತ ಅಜ್ಜಿಗೆ ಹಿಂದಿ ಮಾತುಗಳನ್ನು ತನಗೆ ತಿಳಿದಷ್ಟು ಕನ್ನಡದಲ್ಲಿ ಹೇಳುತ್ತದೆ. ಇಬ್ಬರೂ ಒಂದೇ ಪರದೆಯನ್ನು ನೋಡುವ ಈ ಭಾಗ್ಯವನ್ನು ಮೊಬೈಲ್ ಕೊಡಲಾರದು. ಆದ್ದರಿಂದಲೇ ಆ ಮಾತುಗಳು ನೇರವಾಗಿ ಕನ್ನಡದಲ್ಲಿ ಕೇಳಿಸಬೇಕೆಂಬುದು ನನ್ನ ಬಲವಾದ ಆಸೆ.